ಒಬ್ಬರದೇ ಸಹಿ ಇದ್ದಾಗ ಮಗುವಿನ ಪಾಸ್‌ಪೋರ್ಟ್

ಬೇರೆಯಾದ ದಂಪತಿಯ ನಡುವೆ ಮಗುವಿನ ಪಾಸ್‌ಪೋರ್ಟ್ ಮಾತು ಏಳುವುದು ಹೆಚ್ಚಾಗಿ ಬೇಸಿಗೆ ರಜೆ ಹತ್ತಿರವಾದಾಗ. ದುಬೈಯಲ್ಲಿರುವ ಚಿಕ್ಕಮ್ಮ ಬಾ ಎಂದಿರುತ್ತಾಳೆ, ಶಾಲೆಯವರು ಸಿಂಗಪುರ ಪ್ರವಾಸದ ಸುತ್ತೋಲೆ ಕಳಿಸಿರುತ್ತಾರೆ, ಇಲ್ಲವೇ ಮಗುವನ್ನು ಸಾಕುತ್ತಿರುವ ತಾಯಿಗೆ ಕಂಪನಿ ಎರಡು ವರ್ಷದ ಮಟ್ಟಿಗೆ ವಿದೇಶಕ್ಕೆ ಹೋಗಲು ಹೇಳಿರುತ್ತದೆ. ಆಗ ವಕೀಲರಿಗೆ ಫೋನ್ ಹೋಗುತ್ತದೆ: “ಸರ್, ಅವರು ಸೈನ್ ಹಾಕಲ್ಲ ಅಂತಿದಾರೆ. ಪಾಸ್‌ಪೋರ್ಟ್ ಆಗುತ್ತಾ?”

ಬಹುಪಾಲು ಆಗುತ್ತದೆ. ಒಬ್ಬರ ಸಹಿ ಇಲ್ಲ ಎಂಬ ಒಂದೇ ಕಾರಣಕ್ಕೆ ಅರ್ಜಿ ಅಲ್ಲಿಗೇ ಮುಗಿದುಹೋಯಿತು ಎಂದೇನಿಲ್ಲ. ಆದರೆ ಪಾಸ್‌ಪೋರ್ಟ್ ಕಚೇರಿ ನಿಮ್ಮ ಸಂಸಾರದ ನ್ಯಾಯ ತೀರ್ಮಾನ ಮಾಡುವ ಜಾಗವಲ್ಲ. ಯಾರು ತಪ್ಪು ಮಾಡಿದರು, ಯಾರು ಮನೆ ಬಿಟ್ಟರು ಎಂಬ ಕಥೆ ಅಲ್ಲಿನ ಅಧಿಕಾರಿಗೆ ಬೇಕಿಲ್ಲ. ಅವರ ಕಣ್ಣಿರುವುದು ಕಾಗದದ ಮೇಲೆ. ಇನ್ನೊಬ್ಬರ ಸಹಿ ಏಕಿಲ್ಲ ಎಂಬುದನ್ನು ಕಾಗದ ನೇರವಾಗಿ, ಸತ್ಯವಾಗಿ ಹೇಳುತ್ತಿದೆಯೇ, ಕೊಡಬೇಡಿ ಎಂದು ಯಾವುದಾದರೂ ನ್ಯಾಯಾಲಯ ಹೇಳಿದೆಯೇ, ಇಷ್ಟನ್ನೇ ಅವರು ನೋಡುವುದು. ಈ ಲೇಖನವೂ ಆ ಕಾಗದಗಳ ಬಗ್ಗೆಯೇ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. “ಈಗ ತಾಯಿ ಹೆಸರೊಂದೇ ಇದ್ದರೆ ಸಾಕಂತಲ್ಲ” ಎನ್ನುವವರು ಬಹಳ ಮಂದಿ. ಮಾತು ನಿಜ. 2016ರ ಡಿಸೆಂಬರ್‌ನಲ್ಲಿ ವಿದೇಶಾಂಗ ಸಚಿವಾಲಯ ನಿಯಮಗಳನ್ನು ಸಡಿಲಿಸಿತು. ಅರ್ಜಿಯಲ್ಲಿ ತಂದೆ, ತಾಯಿ ಅಥವಾ ಕಾನೂನುಬದ್ಧ ಪೋಷಕರಲ್ಲಿ ಒಬ್ಬರ ಹೆಸರು ಇದ್ದರೆ ಸಾಕು ಎಂದಿತು. ವಿಚ್ಛೇದಿತರು ಮಾಜಿ ಸಂಗಾತಿಯ ಹೆಸರು ಬರೆಯುವ ಅಗತ್ಯವಿಲ್ಲ, ಅನುಬಂಧಗಳಿಗೆ ನೋಟರಿ ಅಥವಾ ಮ್ಯಾಜಿಸ್ಟ್ರೇಟರ ಮುದ್ರೆ ಬೇಡ, ಬಿಳಿ ಹಾಳೆಯ ಮೇಲೆ ಸ್ವಯಂ ಘೋಷಣೆ ಸಾಕು ಎಂಬುದೂ ಆಗಲೇ ಬಂದದ್ದು. ಅದೇ ವರ್ಷದ ಮೇ ತಿಂಗಳಲ್ಲಿ ದೆಹಲಿ ಹೈಕೋರ್ಟ್, ತಂದೆಯ ಹೆಸರು ಬೇಕೇ ಬೇಕು ಎಂದು ಪಾಸ್‌ಪೋರ್ಟ್ ಕಚೇರಿ ಪಟ್ಟು ಹಿಡಿಯುವಂತಿಲ್ಲ ಎಂದು ತೀರ್ಪು ಕೊಟ್ಟಿತ್ತು. ಆದರೆ ಪುಸ್ತಕದಲ್ಲಿ ಯಾರ ಹೆಸರು ಅಚ್ಚಾಗುತ್ತದೆ ಎಂಬುದು ಒಂದು ಪ್ರಶ್ನೆ, ಪಾಸ್‌ಪೋರ್ಟ್ ಕೊಡಲು ಯಾರ ಒಪ್ಪಿಗೆ ಬೇಕು ಎಂಬುದು ಬೇರೆಯೇ ಪ್ರಶ್ನೆ. ತಂದೆಯ ಹೆಸರಿನ ಜಾಗ ಖಾಲಿ ಬಿಟ್ಟ ಮಾತ್ರಕ್ಕೆ ಒಪ್ಪಿಗೆಯ ಪ್ರಶ್ನೆ ಬಗೆಹರಿಯುವುದಿಲ್ಲ. ಜನನ ಪ್ರಮಾಣಪತ್ರದಲ್ಲಿ ಇಬ್ಬರ ಹೆಸರೂ ಇದ್ದು ಅರ್ಜಿಯಲ್ಲಿ ಒಂದೇ ಇದ್ದರೆ, ಕೌಂಟರ್‌ನಲ್ಲಿ ಮೊದಲು ಕೇಳುವುದೇ ಅದನ್ನು.

ಒಪ್ಪಿಗೆಗೆ ಸಂಬಂಧಿಸಿದ ಅನುಬಂಧಗಳು ಎರಡು. ಕಚೇರಿಯಲ್ಲಿ ಎಲ್ಲರೂ ಅನೆಕ್ಷರ್ ಎಂದೇ ಕರೆಯುವುದರಿಂದ ಇಲ್ಲಿಯೂ ಹಾಗೇ ಇರಲಿ. ಅನೆಕ್ಷರ್ ಡಿ ಎಂದರೆ ತಂದೆ ತಾಯಿ ಇಬ್ಬರೂ ಸಹಿ ಹಾಕುವ ಘೋಷಣೆ. ಅನೆಕ್ಷರ್ ಸಿ ಒಬ್ಬರೇ ಸಹಿ ಹಾಕುವಂಥದ್ದು. ಇನ್ನೊಬ್ಬರ ಒಪ್ಪಿಗೆ ಯಾಕೆ ಇಲ್ಲ ಎಂದು ಅದರಲ್ಲಿ ಬರೆಯಬೇಕು. ಹಿಂದೆ ಇವಕ್ಕೆ ಎಚ್ ಮತ್ತು ಜಿ ಎಂಬ ಹೆಸರಿತ್ತು. ಹಳೆಯ ನಮೂನೆಗಳು ಇನ್ನೂ ಕೆಲವು ಜೆರಾಕ್ಸ್ ಅಂಗಡಿಗಳಲ್ಲಿ ಓಡಾಡುತ್ತಿವೆ. ಪಾಸ್‌ಪೋರ್ಟ್ ಸೇವಾ ಪೋರ್ಟಲ್‌ನಿಂದಲೇ ಹೊಸದನ್ನು ಇಳಿಸಿಕೊಳ್ಳಿ.

ಬೇರೆಯಾಗಿದ್ದರೂ ಮಾತು ಮುರಿದಿಲ್ಲದಿದ್ದರೆ ಡಿ ನಮೂನೆಗಿಂತ ಸುಲಭದ ದಾರಿ ಇಲ್ಲ. ಇಬ್ಬರೂ ಒಟ್ಟಿಗೆ ಕೇಂದ್ರಕ್ಕೆ ಬರಬೇಕೆಂದಿಲ್ಲ. ಒಬ್ಬರು ಸಹಿ ಹಾಕಿದ ಹಾಳೆ ಮತ್ತು ತಮ್ಮ ಪಾಸ್‌ಪೋರ್ಟ್ ಪ್ರತಿ ಕಳಿಸಿದರೆ ಇನ್ನೊಬ್ಬರು ಮಗುವನ್ನು ಕರೆದುಕೊಂಡು ಹೋಗಬಹುದು. ಆ ಒಬ್ಬರು ವಿದೇಶದಲ್ಲಿದ್ದರೆ ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ದೃಢೀಕರಿಸಿದ ಅಫಿಡವಿಟ್ ಬೇಕಾಗುತ್ತದೆ. ಒಂದು ವಿಷಯವನ್ನು ಒತ್ತಿ ಹೇಳಬೇಕು: ಇನ್ನೊಬ್ಬರ ಸಹಿಯನ್ನು ನೀವೇ ಹಾಕುವ ಕೆಲಸಕ್ಕೆ ಕೈ ಹಾಕಬೇಡಿ. “ಹಳೇ ಸೈನ್ ನೋಡ್ಕೊಂಡು ಹಾಕಿಬಿಡಿ, ಯಾರು ನೋಡ್ತಾರೆ” ಎನ್ನುವ ಏಜೆಂಟರಿದ್ದಾರೆ. ನೋಡುವವರು ಇದ್ದೇ ಇದ್ದಾರೆ, ನಿಮ್ಮ ಎದುರು ಪಕ್ಷದ ವಕೀಲರು. 1967ರ ಪಾಸ್‌ಪೋರ್ಟ್ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಸುಳ್ಳು ಮಾಹಿತಿ ಕೊಟ್ಟು ಪಾಸ್‌ಪೋರ್ಟ್ ಪಡೆದರೆ ಎರಡು ವರ್ಷದವರೆಗೆ ಜೈಲು, 5,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ವಿಷಯ ಮುಚ್ಚಿಟ್ಟು ಪಡೆದ ಪಾಸ್‌ಪೋರ್ಟನ್ನು 10ನೇ ಸೆಕ್ಷನ್ ಅಡಿ ಮುಟ್ಟುಗೋಲು ಹಾಕಿಕೊಳ್ಳಬಹುದು. ಅದಕ್ಕಿಂತ ದೊಡ್ಡ ನಷ್ಟವೆಂದರೆ, ಮಗು ಯಾರ ಬಳಿ ಇರಬೇಕು ಎಂದು ತೀರ್ಮಾನಿಸುವ ನ್ಯಾಯಾಧೀಶರ ಮುಂದೆ ನಿಮ್ಮ ಮಾತಿನ ಮೇಲಿನ ನಂಬಿಕೆಯೇ ಹೋಗುತ್ತದೆ.

ಸಹಿ ಸಿಗದವರಿಗೆ ಅನೆಕ್ಷರ್ ಸಿ. ಕಾರಣ ಬರೆಯುವ ಜಾಗದಲ್ಲಿ ಹೆಚ್ಚಿನವರು “ವೈಯಕ್ತಿಕ ಕಾರಣಗಳಿಂದ”, “ಭಿನ್ನಾಭಿಪ್ರಾಯ ಇದೆ” ಎಂದಿಷ್ಟು ಬರೆದು ಮುಗಿಸುತ್ತಾರೆ. ಇದನ್ನು ಓದಿದ ಅಧಿಕಾರಿಗೆ ಏನೂ ತಿಳಿಯುವುದಿಲ್ಲ. ಫೈಲು ಪಕ್ಕಕ್ಕೆ ಹೋಗುತ್ತದೆ. ಇನ್ನು ಕೆಲವರು ಹತ್ತು ವರ್ಷದ ಜಗಳವನ್ನೆಲ್ಲ ಎರಡು ಪುಟಕ್ಕೆ ಇಳಿಸಿರುತ್ತಾರೆ. ಅದೂ ಬೇಡ. ಹೀಗೆ ಬರೆದರೆ ಸಾಕು: “ಮಗುವಿನ ತಂದೆ 2021ರ ಜೂನ್‌ನಿಂದ ನಮ್ಮೊಂದಿಗೆ ವಾಸವಿಲ್ಲ. ಮಗು ಅಂದಿನಿಂದ ನನ್ನ ಬಳಿಯೇ ಇದೆ. ವಿಚ್ಛೇದನದ ಅರ್ಜಿ ಬೆಂಗಳೂರಿನ ಕೌಟುಂಬಿಕ ನ್ಯಾಯಾಲಯದಲ್ಲಿ ಬಾಕಿ ಇದೆ, ಎಂ.ಸಿ. (ವೈವಾಹಿಕ ಪ್ರಕರಣ) ಸಂಖ್ಯೆ ಇಂಥದ್ದು. ಒಪ್ಪಿಗೆ ಕೋರಿ ಇಂಥ ದಿನಾಂಕದಂದು ಇ-ಮೇಲ್ ಮತ್ತು ಸ್ಪೀಡ್ ಪೋಸ್ಟ್ ಕಳಿಸಿದ್ದೇನೆ, ಉತ್ತರ ಬಂದಿಲ್ಲ. ಮಗುವಿಗೆ ಪಾಸ್‌ಪೋರ್ಟ್ ಕೊಡಬಾರದೆಂದು ಯಾವ ನ್ಯಾಯಾಲಯವೂ ಆದೇಶ ಮಾಡಿಲ್ಲ.” ಐದಾರು ವಾಕ್ಯ, ಪ್ರತಿಯೊಂದಕ್ಕೂ ಹಿಂದೆ ಒಂದು ಕಾಗದ.

ಆ ಇ-ಮೇಲ್ ಮತ್ತು ಸ್ಪೀಡ್ ಪೋಸ್ಟ್ ಬಗ್ಗೆ ಎರಡು ಮಾತು. ಕೇಳಿದರೂ ಕೊಡುವುದಿಲ್ಲ ಎಂದು ಗೊತ್ತಿದ್ದರೂ ಕೇಳಿ, ಬರಹದಲ್ಲಿ ಕೇಳಿ. ಎಲ್ಲಿಗೆ ಪ್ರಯಾಣ, ಯಾವಾಗ ವಾಪಸ್, ಏಕೆ ಬೇಕು ಎಂದು ತಿಳಿಸಿ, ಅನೆಕ್ಷರ್ ಡಿ ನಮೂನೆ ಜೊತೆಗಿಟ್ಟು, ಉತ್ತರಕ್ಕೆ ಎರಡು ವಾರ ಸಮಯ ಕೊಡಿ. ವಾಟ್ಸ್ಆ್ಯಪ್‌ನಲ್ಲಿ ಬೈದಾಡಿಕೊಂಡದ್ದು ಇದಕ್ಕೆ ಬದಲಿಯಾಗುವುದಿಲ್ಲ. ಕೆಲವೊಮ್ಮೆ ಹೀಗೆ ಸಭ್ಯವಾಗಿ ಕೇಳಿದಾಗ ಸಹಿ ಸಿಕ್ಕಿಯೂ ಬಿಡುತ್ತದೆ. ಸಿಗದಿದ್ದರೆ, ನಾಳೆ ನ್ಯಾಯಾಲಯಕ್ಕೆ ಹೋದಾಗ “ನನ್ನನ್ನು ಕೇಳಲೇ ಇಲ್ಲ” ಎಂಬ ಆಕ್ಷೇಪಣೆಗೆ ಜಾಗವಿರುವುದಿಲ್ಲ.

ಯಾವ ಸ್ಥಿತಿಯಲ್ಲಿ ಯಾವ ಕಾಗದ ಎಂಬುದನ್ನು ನೋಡೋಣ. ವಿಚ್ಛೇದನ ಆಗಿ ಮಗುವಿನ ಸುಪರ್ದಿ ನಿಮಗೆ ಬಂದಿದ್ದರೆ ತೀರ್ಪಿನ ಸರ್ಟಿಫೈಡ್ ಕಾಪಿ ಕೊಂಡೊಯ್ಯಿರಿ. ಅಧಿಕಾರಿ ಮೊದಲು ಹುಡುಕುವುದು ಇನ್ನೊಬ್ಬರಿಗೆ ಭೇಟಿಯ ಹಕ್ಕು ಕೊಟ್ಟಿದೆಯೇ ಎಂಬ ಸಾಲನ್ನು. ತಿಂಗಳಿಗೆ ಎರಡು ಭಾನುವಾರ ತಂದೆ ಮಗುವನ್ನು ನೋಡಬಹುದು ಎಂದಿದ್ದರೆ, ಮಗು ವಿದೇಶಕ್ಕೆ ಹೋದಾಗ ಆ ಭಾನುವಾರಗಳ ಗತಿ ಏನು ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಯಾವ ಪ್ರಕರಣವೂ ಇಲ್ಲದೆ ಒಬ್ಬರು ಬಿಟ್ಟುಹೋಗಿ ಎಲ್ಲಿದ್ದಾರೋ ತಿಳಿಯದಿದ್ದರೆ, ಸಿ ನಮೂನೆಯಲ್ಲೇ ಅದನ್ನು ಹೇಳಲು ಅವಕಾಶವಿದೆ. ಮಗು ನಿಮ್ಮ ಬಳಿಯೇ ಬೆಳೆಯುತ್ತಿದೆ ಎನ್ನಲು ಶಾಲೆಯ ಪತ್ರ, ಆಧಾರ್ ವಿಳಾಸ ಜೊತೆಗಿರಲಿ. ಮದುವೆಯಾಗದೆ ಮಗುವನ್ನು ಒಬ್ಬಳೇ ಸಾಕಿದ ತಾಯಿಗೂ ಇದೇ ನಮೂನೆ. ಅವಿವಾಹಿತ ತಾಯಿ ತಂದೆಗೆ ನೋಟಿಸ್ ಕೊಡದೆಯೇ ಮಗುವಿನ ಪೋಷಕತ್ವ ಕೇಳಬಹುದು ಎಂದು ಸುಪ್ರೀಂ ಕೋರ್ಟ್ 2015ರಲ್ಲೇ ಹೇಳಿದೆ.

ಕಷ್ಟ ಬರುವುದು ಪ್ರಕರಣ ಇನ್ನೂ ನಡೆಯುತ್ತಿರುವವರಿಗೆ, ಅದರಲ್ಲೂ ಎದುರು ಪಕ್ಷದವರು “ನನ್ನ ಮಗುವಿಗೆ ಪಾಸ್‌ಪೋರ್ಟ್ ಕೊಡಬೇಡಿ” ಎಂದು ಪ್ರಾದೇಶಿಕ ಪಾಸ್‌ಪೋರ್ಟ್ ಕಚೇರಿಗೆ ಮೊದಲೇ ಪತ್ರ ಬರೆದಿಟ್ಟಿದ್ದರೆ. ನಮೂನೆಯ ಪ್ರಕಾರ ಪ್ರಕರಣ ಬಾಕಿ ಇರುವುದೇ ಅಡ್ಡಿಯಲ್ಲ, ನ್ಯಾಯಾಲಯ ತಡೆದಿರಬಾರದು ಅಷ್ಟೆ. ಆದರೆ ಲಿಖಿತ ಆಕ್ಷೇಪಣೆ ಕಡತದಲ್ಲಿ ಕೂತಿದ್ದಾಗ ಕಚೇರಿಯವರು ಸಾಮಾನ್ಯವಾಗಿ ಹೇಳುವುದು ಒಂದೇ ಮಾತು: ಕೋರ್ಟ್‌ನಿಂದ ಆದೇಶ ತನ್ನಿ. ಇದನ್ನು ಕೇಳಿ ಸಿಟ್ಟಾಗುವವರಿದ್ದಾರೆ. ನನಗೆ ಅದು ಅನ್ಯಾಯ ಎನಿಸುವುದಿಲ್ಲ. ಅಧಿಕಾರಿಗೆ ಇಬ್ಬರ ಮಾತು ಕೇಳಿ ತೂಗುವ ಅಧಿಕಾರವೂ ಇಲ್ಲ, ಸಮಯವೂ ಇಲ್ಲ. ಹಾಗಾಗಿ ಅಲ್ಲಿ ವಾದಿಸಿ ತಿಂಗಳುಗಳನ್ನು ಕಳೆಯುವ ಬದಲು ಆ ಶ್ರಮವನ್ನು ಸರಿಯಾದ ಜಾಗದಲ್ಲಿ ಹಾಕುವುದು ಮೇಲು.

ಆ ಸರಿಯಾದ ಜಾಗ ಪ್ರಕರಣ ನಡೆಯುತ್ತಿರುವ ಕೌಟುಂಬಿಕ ನ್ಯಾಯಾಲಯವೇ. ಬೆಂಗಳೂರಿನವರಿಗೆ ಸಿದ್ದಯ್ಯ ರಸ್ತೆಯ ನ್ಯಾಯದೇಗುಲ. ಹೊಸ ಕೇಸು ಹಾಕಬೇಕಿಲ್ಲ, ಇರುವ ಕೇಸಿನಲ್ಲೇ ಒಂದು ಮಧ್ಯಂತರ ಅರ್ಜಿ, ವಕೀಲರ ಮಾತಿನಲ್ಲಿ ಐ.ಎ., ಹಾಕಬಹುದು. ಹಿಂದೂ ವಿವಾಹ ಕಾಯ್ದೆಯ 26ನೇ ಸೆಕ್ಷನ್, ವಿಶೇಷ ವಿವಾಹ ಕಾಯ್ದೆಯ 38ನೇ ಸೆಕ್ಷನ್ ಮಕ್ಕಳ ಸುಪರ್ದಿ, ಶಿಕ್ಷಣ, ಪಾಲನೆಯ ಬಗ್ಗೆ ಪ್ರಕರಣದ ನಡುವೆಯೇ ಆದೇಶ ಮಾಡಲು ಅವಕಾಶ ಕೊಡುತ್ತವೆ. ಯಾವ ವೈವಾಹಿಕ ಪ್ರಕರಣವೂ ಇಲ್ಲದಿದ್ದರೆ ಎಲ್ಲ ಧರ್ಮದವರಿಗೂ 1890ರ ಪೋಷಕರು ಮತ್ತು ಪಾಲ್ಯರ ಕಾಯ್ದೆ ಇದೆ. ವಕೀಲರ ಶುಲ್ಕ ಭರಿಸಲಾಗದ ತಾಯಂದಿರು ತಿಳಿದಿರಬೇಕಾದ ಸಂಗತಿಯೆಂದರೆ, ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಡಿ ಹೆಂಗಸರಿಗೂ ಮಕ್ಕಳಿಗೂ ಉಚಿತ ವಕೀಲರ ನೆರವು ಸಿಗುತ್ತದೆ, ಅದಕ್ಕೆ ಆದಾಯದ ಮಿತಿ ಇಲ್ಲ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಪ್ರಾಧಿಕಾರದ ಕಚೇರಿಗೆ ಹೋಗಬಹುದು, 15100ಕ್ಕೆ ಕರೆ ಮಾಡಬಹುದು.

ಆ ಅರ್ಜಿಯಲ್ಲಿ ಎರಡು ಕೋರಿಕೆಗಳನ್ನು ಬೆರೆಸಬೇಡಿ. ಪಾಸ್‌ಪೋರ್ಟ್ ಮಾಡಿಸಲು ಅನುಮತಿ ಒಂದು, ಮಗುವನ್ನು ದೇಶದಿಂದ ಹೊರಗೆ ಕರೆದೊಯ್ಯಲು ಅನುಮತಿ ಇನ್ನೊಂದು. ಮೊದಲನೆಯದು ಗುರುತಿನ ದಾಖಲೆ, ಅದರಿಂದ ಯಾರ ಹಕ್ಕೂ ಮೊಟಕಾಗುವುದಿಲ್ಲ. ನ್ಯಾಯಾಲಯಗಳು ಅದಕ್ಕೆ ಸುಲಭವಾಗಿ ಒಪ್ಪುತ್ತವೆ. ಎರಡನೆಯದಕ್ಕೆ ಟಿಕೆಟ್, ವಾಪಸಾತಿ ದಿನ, ಅಲ್ಲಿ ಇರುವ ವಿಳಾಸ, ಶಾಲೆಯ ರಜೆ, ಭೇಟಿಯ ದಿನಗಳನ್ನು ಹೇಗೆ ಸರಿದೂಗಿಸುತ್ತೀರಿ ಎಂಬ ವಿವರವೆಲ್ಲ ಬೇಕು, ಕೆಲವೊಮ್ಮೆ ಭದ್ರತಾ ಠೇವಣಿಯನ್ನೂ ಕೇಳುತ್ತಾರೆ. ಪ್ರಯಾಣ ಇನ್ನೂ ನಿಗದಿಯಾಗದಿದ್ದರೆ ಮೊದಲನೆಯದನ್ನು ಮಾತ್ರ ಕೇಳಿ. “ಆದೇಶವಿಲ್ಲದೆ ಮಗುವನ್ನು ನ್ಯಾಯಾಲಯದ ವ್ಯಾಪ್ತಿಯಿಂದ ಹೊರಗೆ ಒಯ್ಯುವುದಿಲ್ಲ” ಎಂಬ ಮುಚ್ಚಳಿಕೆಯನ್ನು ನೀವಾಗಿಯೇ ಬರೆದುಕೊಟ್ಟರೆ ಎದುರು ಪಕ್ಷದ ಅರ್ಧ ಆಕ್ಷೇಪಣೆ ಅಲ್ಲಿಗೇ ಕರಗುತ್ತದೆ. ಆದೇಶದಲ್ಲಿ ಮಗುವಿನ ಪೂರ್ಣ ಹೆಸರು, ಜನ್ಮದಿನಾಂಕ, “ತಂದೆಯ ಸಹಿ ಅಥವಾ ಒಪ್ಪಿಗೆ ಇಲ್ಲದೆ ಪಾಸ್‌ಪೋರ್ಟ್ ಪಡೆಯಲು ಅರ್ಜಿದಾರರಿಗೆ ಅನುಮತಿಸಲಾಗಿದೆ” ಎಂಬ ಸ್ಪಷ್ಟ ಸಾಲು ಇರುವಂತೆ ವಕೀಲರಿಗೆ ಹೇಳಿ. ಬರೀ “ಅರ್ಜಿ ಪುರಸ್ಕರಿಸಲಾಗಿದೆ” ಎಂದಿದ್ದರೆ ಕೌಂಟರ್‌ನವರು ಆ ಅರ್ಜಿಯನ್ನೂ ತನ್ನಿ ಎನ್ನುತ್ತಾರೆ, ಇನ್ನೊಂದು ಓಡಾಟ.

ಆಕ್ಷೇಪಿಸುವವರು ಆಗಾಗ ಮರೆಯುವುದು, ಪಾಸ್‌ಪೋರ್ಟ್ ಮಗುವಿನದು ಎಂಬುದನ್ನು. ವಿದೇಶ ಪ್ರಯಾಣದ ಹಕ್ಕು ಸಂವಿಧಾನದ 21ನೇ ವಿಧಿಯೊಳಗೇ ಇದೆ ಎಂದು 1978ರ ಮೇನಕಾ ಗಾಂಧಿ ಪ್ರಕರಣ ಸ್ಥಾಪಿಸಿತು, ಆ ಹಕ್ಕು ಮಕ್ಕಳಿಗೂ ಉಂಟು. 2025ರ ಜನವರಿಯಲ್ಲಿ ಬಾಂಬೆ ಹೈಕೋರ್ಟ್ ಮುಂದೆ ಬಂದದ್ದು ಪುಣೆಯ ಹದಿನೇಳು ವರ್ಷದ ಹುಡುಗಿಯ ವಿಷಯ. ಜಪಾನಿನ ಅಧ್ಯಯನ ಪ್ರವಾಸಕ್ಕೆ ಆಯ್ಕೆಯಾಗಿದ್ದಳು. ವಿಚ್ಛೇದನ ಪ್ರಕರಣದ ಕಾರಣಕ್ಕೆ ತಂದೆ ಒಪ್ಪಿಗೆ ಕೊಟ್ಟಿರಲಿಲ್ಲ. ಆ ಒಂದೇ ಕಾರಣಕ್ಕೆ ಪಾಸ್‌ಪೋರ್ಟ್ ನಿರಾಕರಿಸುವಂತಿಲ್ಲ ಎಂದ ನ್ಯಾಯಾಲಯ ಎರಡು ವಾರದಲ್ಲಿ ಕೊಡಲು ಹೇಳಿತು. ಪಾಸ್‌ಪೋರ್ಟ್ ಕಚೇರಿ ನಿಮ್ಮ ಅರ್ಜಿ ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ ಪಡೆಯಿರಿ, ಕಾಯ್ದೆಯ 5ನೇ ಸೆಕ್ಷನ್ ಆ ಹಕ್ಕು ಕೊಟ್ಟಿದೆ. ಅದರ ಮೇಲೆ 11ನೇ ಸೆಕ್ಷನ್ ಅಡಿ ಮೇಲ್ಮನವಿ, ಅಥವಾ ಹೈಕೋರ್ಟಿನಲ್ಲಿ ರಿಟ್ ಅರ್ಜಿ. ಉತ್ತರ ಕರ್ನಾಟಕದವರಿಗೆ ಧಾರವಾಡ ಮತ್ತು ಕಲಬುರಗಿ ಪೀಠಗಳಿವೆ. ಬಾಯಿಮಾತಿನ “ಆಗಲ್ಲಮ್ಮ” ಎಂಬುದರ ಮೇಲೆ ಯಾವ ಮೇಲ್ಮನವಿಯೂ ನಡೆಯುವುದಿಲ್ಲ.

ಇನ್ನು ಸೇವಾ ಕೇಂದ್ರದ ದಿನ. ಮಗು ಜೊತೆಗಿರಲೇಬೇಕು. ಮಗುವಿನ ಜನನ ಪ್ರಮಾಣಪತ್ರ (2023ರ ಅಕ್ಟೋಬರ್ 1 ಮತ್ತು ಆನಂತರ ಹುಟ್ಟಿದವರಿಗೆ ಜನ್ಮದಿನಾಂಕಕ್ಕೆ ಅದೊಂದೇ ದಾಖಲೆ), ನಿಮ್ಮ ಪಾಸ್‌ಪೋರ್ಟ್, ವಿಳಾಸದ ಪುರಾವೆ, ಅನೆಕ್ಷರ್, ಕೋರ್ಟಿನ ಕಾಗದ, ಎಲ್ಲದರ ಮೂಲ ಮತ್ತು ಪ್ರತಿ. ನಾಲ್ಕು ವರ್ಷದೊಳಗಿನ ಮಗುವಾದರೆ ಬಿಳಿ ಹಿನ್ನೆಲೆಯ ಫೋಟೊ ಒಯ್ಯಬೇಕು. 36 ಪುಟದ ಪುಸ್ತಕಕ್ಕೆ ಶುಲ್ಕ 1,000 ರೂಪಾಯಿ, ಎಂಟು ವರ್ಷದೊಳಗಿನ ಮಗುವಿನ ಹೊಸ ಅರ್ಜಿಗೆ ಶೇ 10 ರಿಯಾಯಿತಿ. ಎ ಕೌಂಟರ್‌ನಲ್ಲಿ ದಾಖಲೆ ಸ್ಕ್ಯಾನ್ ಮಾಡುವವರು ಖಾಸಗಿ ಕಂಪನಿಯ ಸಿಬ್ಬಂದಿ. ಅವರ ಮುಂದೆ ಕಷ್ಟ ತೋಡಿಕೊಂಡು ಪ್ರಯೋಜನವಿಲ್ಲ. ಬಿ ಮತ್ತು ಸಿ ಕೌಂಟರ್‌ಗಳಲ್ಲಿರುವವರು ಸರ್ಕಾರದ ಅಧಿಕಾರಿಗಳು, ಒಪ್ಪಿಗೆಯ ಪ್ರಶ್ನೆ ತೀರ್ಮಾನವಾಗುವುದು ಅಲ್ಲೇ. ಅಲ್ಲಿ ಆಗದಿದ್ದರೆ ಫೈಲು ಹೋಲ್ಡ್ ಆಗಿ, ಕೋರಮಂಗಲದ ಪ್ರಾದೇಶಿಕ ಕಚೇರಿಗೆ ಬರಲು ಹೇಳುತ್ತಾರೆ. ಗಾಬರಿ ಬೇಡ, ಹೋಲ್ಡ್ ಎಂದರೆ ತಿರಸ್ಕಾರವಲ್ಲ. ಪೊಲೀಸ್ ಪರಿಶೀಲನೆ ಇದ್ದೇ ಇರುತ್ತದೆ ಎಂದುಕೊಂಡೇ ತಯಾರಾಗಿ. ಮಗು ಯಾರ ಜೊತೆ ಇದೆ ಎಂದು ಠಾಣೆಯವರು ನೆರೆಹೊರೆಯಲ್ಲೂ ಕೇಳಬಹುದು. ತತ್ಕಾಲ್ ನೆಚ್ಚಿಕೊಂಡು ಟಿಕೆಟ್ ಮಾಡಿಸಿಬಿಡಬೇಡಿ. ಒಬ್ಬರೇ ಪಾಲಕರ ಅರ್ಜಿಗಳು ಆ ವೇಗದಲ್ಲಿ ಓಡುವುದಿಲ್ಲ.

ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಇನ್ನೂ ಕರಡು ತಯಾರಿಸುತ್ತಿರುವವರು ಅದೃಷ್ಟವಂತರು. ಜೀವನಾಂಶ, ಒಡವೆ, ಫ್ಲಾಟಿನ ಸಾಲದ ಬಗ್ಗೆ ಹತ್ತು ಪ್ಯಾರಾ ಬರೆಸುವವರು ಮಗುವಿನ ಪಾಸ್‌ಪೋರ್ಟ್ ಬಗ್ಗೆ ಒಂದು ಸಾಲನ್ನೂ ಬರೆಸುವುದಿಲ್ಲ. ಮಧ್ಯಸ್ಥಿಕೆ ಕೇಂದ್ರದಲ್ಲಿ ಕೂತಿರುವಾಗಲೇ ಬರೆಸಿ: ಪಾಸ್‌ಪೋರ್ಟ್‌ಗೂ ನವೀಕರಣಕ್ಕೂ ಯಾರು ಒಬ್ಬರೇ ಅರ್ಜಿ ಹಾಕಬಹುದು, ಪುಸ್ತಕ ಯಾರ ಬಳಿ ಇರುತ್ತದೆ, ಪ್ರಯಾಣಕ್ಕೆ ಎಷ್ಟು ದಿನ ಮೊದಲು ತಿಳಿಸಬೇಕು, ವೀಸಾಕ್ಕೆ ಬೇಕಾದ ಪತ್ರಕ್ಕೆ ಇನ್ನೊಬ್ಬರು ಎಷ್ಟು ದಿನದೊಳಗೆ ಸಹಿ ಹಾಕಬೇಕು, ಹಾಕದಿದ್ದರೆ ಒಪ್ಪಿದಂತೆಯೇ ಎಂದು. ನವೀಕರಣ ಎಂಬ ಮಾತು ಮುಖ್ಯ. ಮಕ್ಕಳ ಪಾಸ್‌ಪೋರ್ಟ್ ಅವಧಿ ಐದೇ ವರ್ಷ, ಅಷ್ಟರೊಳಗೆ ಹದಿನೆಂಟು ತುಂಬಿದರೆ ಅಲ್ಲಿಯವರೆಗೆ. ಮೂರು ವರ್ಷದ ಮಗುವಿಗೆ ಇಂದು ಸಹಿ ಸಿಕ್ಕರೂ ಎಂಟರಲ್ಲಿ, ಹದಿಮೂರರಲ್ಲಿ ಮತ್ತೆ ಅದೇ ಸಹಿಗೆ ಅಲೆಯಬೇಕು. ವೀಸಾ ಪತ್ರದ ಸಾಲೂ ಸುಮ್ಮನೆ ಅಲ್ಲ. ಯುರೋಪಿನ ಷೆಂಗೆನ್ ವೀಸಾದಂಥವಕ್ಕೆ ಮಕ್ಕಳ ವಿಷಯದಲ್ಲಿ ತಂದೆ ತಾಯಿ ಇಬ್ಬರ ಒಪ್ಪಿಗೆ ಅಥವಾ ಒಬ್ಬರದೇ ಸುಪರ್ದಿ ಎಂಬ ಆದೇಶ ಕೇಳುತ್ತಾರೆ.

ಇಷ್ಟು ಹೊತ್ತು ಸಹಿ ಬೇಕಾದವರ ಪರ ಮಾತಾಡಿದ್ದಾಯಿತು. ಸಹಿ ಹಾಕಲು ಹೆದರುವವರ ಭಯವೆಲ್ಲ ಹಟ ಎಂದು ತಳ್ಳಿಹಾಕುವಂತಿಲ್ಲ. ಮಕ್ಕಳನ್ನು ಗಡಿ ದಾಟಿಸಿ ಕರೆದೊಯ್ದಾಗ ವಾಪಸ್ ಕಳಿಸಲು ನೆರವಾಗುವ 1980ರ ಹೇಗ್ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಒಮ್ಮೆ ಮಗು ಹೊರಗೆ ಹೋದರೆ ಆ ದೇಶದ ನ್ಯಾಯಾಲಯದಲ್ಲಿ ಸ್ವಂತ ಖರ್ಚಿನಲ್ಲಿ ಹೋರಾಡಬೇಕು. ಇಂಥ ನಿಜವಾದ ಆತಂಕ ಇರುವವರು ಪಾಸ್‌ಪೋರ್ಟ್ ಕಚೇರಿಗೆ ಪತ್ರ ಬರೆದು ಸುಮ್ಮನಾಗಬಾರದು. ಆ ಪತ್ರಕ್ಕೆ ಆದೇಶದ ಬಲವಿಲ್ಲ. ಕೌಟುಂಬಿಕ ನ್ಯಾಯಾಲಯದಲ್ಲಿ ತಡೆ ಕೇಳಿ, ಅಥವಾ ಪಾಸ್‌ಪೋರ್ಟ್ ಆಗಲಿ ಆದರೆ ಪುಸ್ತಕ ನ್ಯಾಯಾಲಯದ ವಶದಲ್ಲಿರಲಿ, ಪ್ರತಿ ಪ್ರಯಾಣಕ್ಕೂ ಬಿಡಿಸಿಕೊಳ್ಳಲಿ ಎಂದು ಕೇಳಿ. ಎರಡನೆಯದು ಮಗುವಿನ ದಾಖಲೆಯನ್ನೂ ತಡೆಯುವುದಿಲ್ಲ, ನಿಮ್ಮ ಭಯಕ್ಕೂ ಉತ್ತರ. ಜೀವನಾಂಶದ ಮೊತ್ತ ಇಳಿಸಿಕೊಳ್ಳಲು ಸಹಿಯನ್ನು ಹಿಡಿದಿಟ್ಟುಕೊಳ್ಳುವವರಿಗೆ ಮಾತ್ರ ಈ ಲೇಖನದಲ್ಲಿ ಸಲಹೆ ಇಲ್ಲ.

ಪಾಸ್‌ಪೋರ್ಟ್ ಮೊದಲೇ ಇದ್ದು ಅದನ್ನು ಇನ್ನೊಬ್ಬರು ಬೀರುವಿನಲ್ಲಿಟ್ಟುಕೊಂಡು ಕೊಡದ ಪ್ರಕರಣಗಳೂ ಸಾಕಷ್ಟಿವೆ. ಆಗ “ಕಳೆದುಹೋಗಿದೆ” ಎಂದು ಪೊಲೀಸ್ ದೂರು ಕೊಟ್ಟು ಹೊಸದಕ್ಕೆ ಅರ್ಜಿ ಹಾಕುವ ಉಪಾಯವನ್ನು ಯಾರಾದರೂ ಹೇಳಿಕೊಡುತ್ತಾರೆ. ಕಳೆದಿಲ್ಲ ಎಂದು ನಿಮಗೆ ಗೊತ್ತು, ಎಲ್ಲಿದೆ ಎಂಬುದೂ ಗೊತ್ತು. ಅದು ಮತ್ತೆ ಅದೇ 12ನೇ ಸೆಕ್ಷನ್‌ಗೆ ಕೊರಳೊಡ್ಡಿದ ಹಾಗೆ. ಪಾಸ್‌ಪೋರ್ಟ್ ತಂದೆಯದೂ ಅಲ್ಲ, ತಾಯಿಯದೂ ಅಲ್ಲ, ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಅದು ಕೇಂದ್ರ ಸರ್ಕಾರದ ಸ್ವತ್ತು. ಹಿಂದಿರುಗಿಸಲು ನಿರ್ದೇಶನ ಕೊಡಿ ಎಂದು ನಡೆಯುತ್ತಿರುವ ಪ್ರಕರಣದಲ್ಲೇ ಒಂದು ಐ.ಎ. ಹಾಕುವುದು ಸರಿಯಾದ ಕ್ರಮ.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಎರಡು ಮಾತು. ಅಲ್ಲೇ ಹುಟ್ಟಿ ಅಮೆರಿಕದ ಪೌರತ್ವ ಇರುವ ಮಗುವಿಗೆ ನಮ್ಮ ಅನೆಕ್ಷರ್ ಅನ್ವಯಿಸುವುದಿಲ್ಲ. ಅಲ್ಲಿ ಹದಿನಾರರೊಳಗಿನ ಮಕ್ಕಳ ಪಾಸ್‌ಪೋರ್ಟ್‌ಗೆ ತಂದೆ ತಾಯಿ ಇಬ್ಬರೂ ಖುದ್ದು ಬರಬೇಕು, ಬರಲಾಗದವರು ಡಿಎಸ್-3053 ನಮೂನೆಗೆ ನೋಟರಿ ಮುಂದೆ ಸಹಿ ಹಾಕಿ ಕಳಿಸಬೇಕು. ಒಬ್ಬರದೇ ಸುಪರ್ದಿ ಎಂಬ ಕೋರ್ಟ್ ಆದೇಶ ಇದ್ದರೆ ಅದು ಸಾಕು. ಇನ್ನೊಬ್ಬರನ್ನು ಹುಡುಕಲಾಗದಂಥ ವಿಶೇಷ ಸಂದರ್ಭಕ್ಕೆ ಡಿಎಸ್-5525 ಇದೆ. ನಮ್ಮಲ್ಲಿಲ್ಲದ ಒಂದು ಒಳ್ಳೆಯ ವ್ಯವಸ್ಥೆಯೂ ಅಲ್ಲಿದೆ: ಮಗುವಿನ ಹೆಸರನ್ನು ಎಚ್ಚರಿಕೆ ಪಟ್ಟಿಗೆ ಸೇರಿಸಿಟ್ಟರೆ, ಯಾರಾದರೂ ಆ ಮಗುವಿಗೆ ಪಾಸ್‌ಪೋರ್ಟ್ ಕೇಳಿದಾಗ ವಿದೇಶಾಂಗ ಇಲಾಖೆ ಪಾಲಕರನ್ನು ಸಂಪರ್ಕಿಸುತ್ತದೆ.

ಕೊನೆಗೆ ಹದಿಹರೆಯದವರ ಲೆಕ್ಕ. ಹದಿನೈದು ತುಂಬಿದವರು ಬಯಸಿದರೆ ಹತ್ತು ವರ್ಷದ ಪೂರ್ಣ ಅವಧಿಯ ಪಾಸ್‌ಪೋರ್ಟ್‌ಗೇ ಅರ್ಜಿ ಹಾಕಬಹುದು, ಹದಿನೆಂಟರವರೆಗಿನ ಪುಸ್ತಕವನ್ನೇ ತೆಗೆದುಕೊಳ್ಳಬೇಕೆಂದಿಲ್ಲ. ಸಹಿಗಾಗಿ ಹೇಗೂ ಕೋರ್ಟ್ ಹತ್ತಿದ್ದರೆ ಹತ್ತು ವರ್ಷದ್ದನ್ನೇ ಆರಿಸಿ. ಹದಿನೇಳೂವರೆ ದಾಟಿದ್ದು ಪ್ರಯಾಣದ ಅವಸರ ಇಲ್ಲದಿದ್ದರೆ ಐ.ಎ. ಹಾಕುವ ಗೋಜಿಗೇ ಹೋಗಬೇಡಿ; ಹದಿನೆಂಟನೆಯ ಹುಟ್ಟುಹಬ್ಬದ ಮರುದಿನ ಅರ್ಜಿಗೆ ಬೇಕಾಗುವುದು ಆ ಹುಡುಗ ಅಥವಾ ಹುಡುಗಿಯ ಸಹಿ ಒಂದೇ.